ಸುಟ್ಟ ತೂತಿನ ಮೆಂದೀಲು

ಅಯ್ಯಾಶಿಗೆ ಅತ್ತೆಯನ್ನು ಹೇಗಾದರೂ ಸಾಗಹಾಕಬೇಕಿತ್ತು. ಆಲಿವ್ ಕೊಯ್ಲಿಗೆಂದು ಬಂದ ಯಾಮ್ನಾ, ಕೊಯ್ಲು ಮುಗಿದರೂ ಅಳಿಯನ ಮನೆ ಬಿಟ್ಟಿರಲಿಲ್ಲ. ಅವನು ಹೊತ್ತೇರಿ ಎದ್ದರೆ ಗೊಣಗುತ್ತಿದ್ದಳು, ಸುಮ್ಮನೆ ಕೂತರೆ ಕೈಗೆ ಕೊಡಲಿ ಕೊಡುತ್ತಿದ್ದಳು.

"ಅಮ್ಮಂಗೊಂದು ಹೊಸ ಮೆಂದೀಲು ತಂದ್ಕೊಡಿ. ಗುರುವಾರ ಸಂತೆಯಿಂದ ಹಾಗೇ ಬಸ್ಸು ಹತ್ತಿಸಿಬಿಡೋಣ," ಎಂದಳು ಹೆಂಡತಿ ತಾಮೊ.

ಕೈ ಬಿಗಿಯ ಆಸಾಮಿ ಅಂದೇ ಕೊಂಡು ತಂದ.

ಆ ಬೆಟ್ಟಸೀಮೆಯ ಹೆಂಗಸರು ಅಜ್ಜಿಯರ ಕಾಲದಿಂದಲೂ ಮೆಂದೀಲೆಂಬ ಈ ಕೆಂಪು-ಬಿಳಿ ಪಟ್ಟೆಯ ಏಪ್ರನ್ನನ್ನು ಸೊಂಟಕ್ಕೆ ಸುತ್ತಿಕೊಂಡೇ ಹೊಸ್ತಿಲು ದಾಟುವುದು. ಸೌದೆ ಹೊರಲೂ ಅದೇ, ಕೂಸು ಕಟ್ಟಿಕೊಳ್ಳಲೂ ಅದೇ. ಮೇಲೆ ಅಗಲದ ಹುಲ್ಲಿನ ಟೋಪಿ, ಮೂಗಿನವರೆಗೆ ತುವಾಲು. ಸಂತೆಯಲ್ಲಿ ಯಾರು ಯಾರೆಂದು ತಿಳಿಯಬೇಕಾದರೆ ಕಣ್ಣಿಟ್ಟು ಮುಖ ನೋಡಬೇಕು. ಅಯ್ಯಾಶಿ ಅಷ್ಟೆಲ್ಲ ಕಷ್ಟಪಡುವ ಗಂಡಸಲ್ಲ. ತಾಮೊಳ ಮೆಂದೀಲಿನ ಹಿಂಬದಿಯಲ್ಲಿ ಒಲೆಯ ಕಿಡಿ ಸುಟ್ಟ ತೂತೊಂದಿತ್ತು. ಆ ತೂತನ್ನೇ ಗುರುತಿಟ್ಟುಕೊಂಡು ಮಹಾನುಭಾವ ಇಷ್ಟು ವರ್ಷ ಸಂಸಾರ ಮಾಡಿದ್ದ.

ಗುರುವಾರ ಸಂತೆಯಲ್ಲಿ ಹೆಂಗಸರಿಬ್ಬರನ್ನೂ ಕತ್ತೆಯ ಹತ್ತಿರ ಬಿಟ್ಟು ಹೋದವನು ಚಹಾದಂಗಡಿಯಿಂದ ಏಳುವಷ್ಟರಲ್ಲಿ ಬಸ್ಸು ಗುರುಗುಡುತ್ತಿತ್ತು. ಹೊಸ ಮೆಂದೀಲು ಮೆಟ್ಟಿಲು ಹತ್ತುತ್ತಿತ್ತು. ಓಡಿದ, ಮೊಟ್ಟೆ ಬುಟ್ಟಿಗೆ ಎಡವಿದ, ಮೊಟ್ಟೆಯವಳಿಂದ ಬೈಸಿಕೊಂಡ. ಆದರೂ ಬಿಡದೆ ಟಿಕೆಟ್ಟಿನ ದುಡ್ಡನ್ನು ಕಂಡಕ್ಟರನ ಕೈಗೆ ತುರುಕಿ ಕೂಗಿದ:

"ಬಿಡಪ್ಪಾ, ಬೇಗ ಬಿಡು! ಇಳೀತೀನಿ ಅಂದ್ರೂ ಇಳಿಸ್ಬೇಡ!"

ಕತ್ತೆಯ ಪಕ್ಕದಲ್ಲಿ ಸುಟ್ಟ ತೂತು ಬೆನ್ನು ತಿರುಗಿಸಿ ನಿಂತಿತ್ತು. "ಹತ್ತು," ಎಂದ. ಹತ್ತಿದಳು. ಹಗ್ಗ ಹಿಡಿದು ಮುಂದೆ ನಡೆದ.

ದಾರಿಯಲ್ಲಿ ನೆರೆಮನೆಯ ಅಹ್ಮಿದೊ ಜೊತೆಯಾದ. "ಏನಯ್ಯಾ, ಅತ್ತೆ ಹೋದ್ಲಾ?"

"ಪೀಡೆ ತೊಲಗ್ತು! ನಾಲಿಗೆ ಅಂತೀಯಾ, ಅದರಲ್ಲಿ ಸೌದೆ ಸೀಳ್ಬೋದು."

"ಹೆಂಡ್ತಿ ಎದುರಿಗೇ ಅಂತೀಯಲ್ಲೋ?"

"ಇವಳಿಗೆ ಬಾಯೆಲ್ಲಿದೆ?"

ಅಹ್ಮಿದೊ ತಿರುಗಿ ಟೋಪಿಯ ಕೆಳಗೆ ಇಣುಕಿದ. ಅವನ ಮುಖ ಅರಳಿತು. "ಹೇಳಪ್ಪ, ಹೇಳು. ಆ ಮುದುಕಿ ಗೊರಕೆ ವಿಷಯ ಹೇಳ್ತಿದ್ದೆಯಲ್ಲ?"

ಅಯ್ಯಾಶಿ ಗೊರಕೆಯಿಂದ ಶುರುಮಾಡಿ ಅತ್ತೆಯ ಏಳು ತಲೆಮಾರನ್ನು ಜಾಲಾಡಿದ. ಮನೆ ಬಂದದ್ದೇ ಗೊತ್ತಾಗಲಿಲ್ಲ.

"ಇಳಿ. ಚಹಾ ಇಡು."

ಅವಳು ಇಳಿದು ತುವಾಲು ಬಿಚ್ಚಿದಳು. ಯಾಮ್ನಾ.

ಅಯ್ಯಾಶಿ ಕತ್ತೆಯ ಹಿಂದೆ ಇಣುಕಿದ. "ತಾಮೊ... ತಾಮೊ ಎಲ್ಲಿ?"

"ನೀವೇ ತಾನೇ ಅಳಿಯಂದ್ರೇ ಟಿಕೆಟ್ ಕೊಟ್ಟು ಕಳಿಸಿದ್ದು? ಸಾಕಾಗಿದೆ ಕಣಮ್ಮ, ಬೇಸಿಗೆ ತನಕ ತೌರಲ್ಲಿ ಇದ್ದು ಬರ್ತೀನಿ ಅಂದ್ಲು. ಗಂಡ ಬಿಡ್ತಾನೇನೇ ಅಂದೆ. ಮೆಂದೀಲು ಬದಲಾಯಿಸ್ಕೊಂಡ್ರೆ ಸಾಕು, ಅವರು ಮುಖ ನೋಡಲ್ಲ ಅಂದ್ಲು." ಯಾಮ್ನಾ ನಿಟ್ಟುಸಿರು ಬಿಟ್ಟಳು. "ನಾನು ನಂಬಿರ್ಲಿಲ್ಲ."

ಆಮೇಲೆ ಮೂಲೆಯಲ್ಲಿದ್ದ ಕೊಡಲಿ ತಂದು ಅವನ ಕೈಗಿಟ್ಟಳು.