ಬೆಡ್‌ರೂಮಿನೊಳಗೊಂದು ಕೆನಡಾ

ಹೆಂಡತಿಗೆ ತಮ್ಮನಿರುವುದು ತಪ್ಪಲ್ಲ. ಆ ತಮ್ಮ ಕೆನಡಾದಲ್ಲಿರುವುದೂ ತಪ್ಪಲ್ಲ. ಆದರೆ ಅಲ್ಲಿ ಯಾವುದೋ ಸರೋವರದ ದಂಡೆಯಲ್ಲಿ ಮನೆ ಮಾಡಿ, ಹಿತ್ತಲಲ್ಲಿ ಟೊಮೆಟೊ ಬೆಳೆದು, ಅದರ ಫೋಟೊಗಳನ್ನು ದಿನಕ್ಕೆ ಮೂರು ಹೊತ್ತು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಸುರಿಯುವುದಿದೆಯಲ್ಲ, ಅದನ್ನು ಯಾವ ಭಾವನೂ ಸಹಿಸಲಾರ.

ನನ್ನ ಭಾಮೈದ ಖಲೀಲುರ್ರಹ್ಮಾನ್ ಅಂಥವನು. (ಹೆಸರು ಪೂರ್ತಿ ಹೇಳುವಷ್ಟರಲ್ಲಿ ಅವನ ಟೊಮೆಟೊ ಹಣ್ಣಾಗಿರುತ್ತದೆ. ಇನ್ನು ಮುಂದೆ ಬರೀ ಖಲೀಲ್.) ನಾನು ಅಬ್ದುಲ್ ಹಕೀಮ್, ಗಲ್ಫಿನ ಅಲ್ ಖಫ್ಜಿ ಎಂಬ ಊರಿನ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಬೆಳೆಯುವುದು ಮರಳು, ಬಟ್ಟೆ ಹಗ್ಗ ಮತ್ತು ಒಂದು ಡಿಶ್ ಆಂಟೆನಾ. ಖಲೀಲನ ಪ್ರತಿ ಫೋಟೊದ ಕೆಳಗೆ ನನ್ನ ಹೆಂಡತಿ ಶಾಹೀದಾ 'ಮಾಶಾ ಅಲ್ಲಾಹ್' ಎಂದು ಬರೆದು, ಫೋನ್ ಕೆಳಗಿಟ್ಟು, ನನ್ನನ್ನೊಮ್ಮೆ ನೋಡುತ್ತಿದ್ದಳು. ಬಾಯಲ್ಲಿ ಬೈದಿದ್ದರೆ ಎಷ್ಟೋ ವಾಸಿ.

2016ರ ಮಾರ್ಚಿನಲ್ಲಿ ಖಲೀಲನ ಸುದ್ದಿ ಬಂತು. ರಂಝಾನಿನಲ್ಲಿ ಉಮ್ರಾ ಯಾತ್ರೆಗೆ ಬರುತ್ತಾನೆ, ಹತ್ತನೇ ಉಪವಾಸದ ಇಫ್ತಾರ್ ಅಕ್ಕನ ಮನೆಯಲ್ಲಿ. ಜೊತೆಗೊಂದು ಟೊಮೆಟೊದ ಫೋಟೊ. ನನಗೆ ಎಲ್ಲಿತ್ತೋ ರೋಷ, ಇಡೀ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ: "ಆ ಇಫ್ತಾರಿಗೆ ನಾನೇ ಬೆಳೆದದ್ದನ್ನು ತಿನ್ನಿಸ್ತೇನೆ. ಇಲ್ಲದಿದ್ದರೆ ಉಳಿದ ರಂಝಾನ್ ಪೂರ್ತಿ ಸಮೂಸ ಮಡಿಸುವ ಕೆಲಸ ನನ್ನದು!"

ಮೂವತ್ತೆಂಟು ಮಂದಿ ಹೆಬ್ಬೆರಳು ಎತ್ತಿದರು. ನನ್ನ ಅತ್ತೆಯವರು ಎರಡು ಎತ್ತಿದರು.

ಖಲೀಲ್ ಉದಾರಿ. ಬರುವವರ ಕೈಯಲ್ಲಿ ಬೀಜ ಕಳಿಸಿದ, ಫೋನಿಗೆ ಅವನೂರಿನ ತೋಟಗಾರಿಕೆಯ ಕ್ಯಾಲೆಂಡರ್ ಕಳಿಸಿದ. ಎಪ್ರಿಲಿನಲ್ಲಿ ಮನೆಯೊಳಗೆ ತಂಪು ಕೋಣೆಯಲ್ಲಿ ಬಿತ್ತಬೇಕು. ಮೇ ಕೊನೆಗೆ, ಹಿಮ ಬೀಳುವುದು ನಿಂತ ಮೇಲೆ, ಸಸಿಗಳನ್ನು ದಿನಕ್ಕೆ ಒಂದೊಂದು ಗಂಟೆ ಹೊರಗಿಟ್ಟು ನಿಧಾನವಾಗಿ ಪಳಗಿಸಬೇಕು.

"ಇಲ್ಲಿ ತರಕಾರಿ ಹಾಕುವುದು ಅಕ್ಟೋಬರಿನಲ್ಲಿ ಅಲ್ವಾ ಮಾರಾಯ್ರೆ?" ಎಂದಳು ಶಾಹೀದಾ. "ಮೇ ತಿಂಗಳಲ್ಲಿ ಎಲ್ಲ ಕಿತ್ತು ಬಿಸಾಡುವುದು."

"ನಿನಗೆ ಎಂತ ಗೊತ್ತುಂಟು? ಇದು ವೈಜ್ಞಾನಿಕ. ಪಿಡಿಎಫ್!"

"ಆ ಪಿಡಿಎಫಿಗೆ ಖಫ್ಜಿಯ ಬಿಸಿಲು ಗೊತ್ತುಂಟಾ?"

ಇವಳ ಕೃಷಿಜ್ಞಾನ ಎಷ್ಟೆಂದು ನನಗೆ ತಿಳಿಯದೆ? ಕಳೆದ ಅಕ್ಟೋಬರಿನಲ್ಲಿ ಬಂಗಾಳಿ ಅಂಗಡಿಯಿಂದ ತಂದ ಬಸಳೆಯ ಎಲೆ ಬಿಡಿಸಿಕೊಂಡು, ಮಿಕ್ಕ ಎರಡು ದಂಟನ್ನು ಒಡಕು ಬಕೆಟಿನಲ್ಲಿ ಚುಚ್ಚಿ, ಹಿತ್ತಲಲ್ಲಿ ಬೆಡ್‌ರೂಮಿನ ಎಸಿ ಪೈಪಿನ ಕೆಳಗೆ ಇಟ್ಟಿದ್ದಳು. ನಲ್ಲಿ ನೀರು ಉಪ್ಪು, ಗಿಡ ಸುಡುತ್ತದೆ, ಎಸಿಯಿಂದ ಹನಿಯುವ ನೀರು ಸಿಹಿ ಎಂಬುದು ಅವಳ ಸಿದ್ಧಾಂತ. ಅಷ್ಟೇ. ಕ್ಯಾಲೆಂಡರೂ ಇಲ್ಲ, ಪಿಡಿಎಫೂ ಇಲ್ಲ. ಆ ಬಕೆಟಿನತ್ತ ನಾನು ಮತ್ತೆ ಕಣ್ಣು ಹಾಯಿಸಿರಲಿಲ್ಲ.

ಎಪ್ರಿಲ್ ಒಂದಕ್ಕೆ ನನ್ನ ಕೃಷಿಕ್ರಾಂತಿ ಆರಂಭವಾಯಿತು. ಇಪ್ಪತ್ತನಾಲ್ಕು ಮೊಸರಿನ ಡಬ್ಬಿಗಳಲ್ಲಿ ಬೀಜ ಬಿತ್ತಿ ನಮ್ಮ ಮಂಚದ ಮೇಲೆ ಸಾಲಾಗಿ ಇಟ್ಟೆ. ಬಿಸಿಲಿನ ಝಳ ನುಗ್ಗದಂತೆ ದಪ್ಪ ಪರದೆ ಎಳೆದೆ. ಸರೋವರದ ತಂಪು ಬರಲೆಂದು ಎಸಿಯನ್ನು ಹದಿನೇಳಕ್ಕೆ ಇಳಿಸಿದೆ. ಹಗಲೂ ಅದೇ, ಇರುಳೂ ಅದೇ. ಗಂಡ ಹೆಂಡಿರು ಹಾಲಿಗೆ ಗಡೀಪಾರಾದೆವು. ಸಸಿಗಳ ಯೋಗಕ್ಷೇಮ ವಿಚಾರಿಸಲು ಹೋಗುವಾಗ ನಾನು ಸ್ವೆಟರ್ ಹಾಕಿಕೊಳ್ಳುತ್ತಿದ್ದೆ.

"ಊರಲ್ಲಿ ಕೇಳಿದರೆ ಎಂತ ಹೇಳುವುದು?" ಎಂದು ಶಾಹೀದಾ ಚಾಪೆ ಬಿಡಿಸುತ್ತ ಗೊಣಗಿದಳು. "ಟೊಮೆಟೊ ಮಂಚದಲ್ಲಿ, ನಾನು ನೆಲದಲ್ಲಿ!"

ಮೇ ಕೊನೆಯ ಶುಕ್ರವಾರ, ಜುಮಾ ನಮಾಝ್ ಮುಗಿಸಿ ಬಂದವನೇ ಸಸಿಗಳನ್ನು ಪಳಗಿಸಲು ಹೊರಜಗಲಿಯಲ್ಲಿ ಇಟ್ಟೆ. ಖಫ್ಜಿಯಲ್ಲಿ ಹಿಮ ಬೀಳುವುದು ನಿಂತಿತ್ತು, ಆ ಬಗ್ಗೆ ನನಗೆ ಖಾತ್ರಿಯಿತ್ತು. ಶಾಖ ನಲವತ್ತಾರು ಡಿಗ್ರಿ. ಬಿರಿಯಾನಿ ತಿಂದು ಸ್ವಲ್ಪ ಕಣ್ಣು ಮುಚ್ಚಿದೆ. ಎದ್ದು ನೋಡಿದರೆ ಹದಿನೇಳು ಸಸಿಗಳು ಮಲಗಿಬಿಟ್ಟಿದ್ದವು.

ಶಾಹೀದಾ ಬಾಗಿಲಿನಿಂದ ಇಣುಕಿ, ಹೆಣ ಎಣಿಸುವವಳಂತೆ, "ಮಯ್ಯತ್ ಎಷ್ಟು?" ಎಂದಳು.

ಬದುಕುಳಿದ ಏಳನ್ನು ಎತ್ತಿಕೊಂಡು ಮತ್ತೆ ಕೆನಡಾಕ್ಕೆ ಓಡಿದೆ. ಅದೇ ವಾರ ಟಿವಿಯೂ ಕೈಕೊಟ್ಟಿತು. ಒಂದೊಂದೇ ಚಾನೆಲ್ ಮಾಯ. ಧೂಳಿನ ಬಿರುಗಾಳಿಗೆ ಶಾಪ ಹಾಕಿ ಸುಮ್ಮನಾದೆ. ಕೃಷಿಕನಿಗೆ ಟಿವಿ ಯಾಕೆ?

ಹತ್ತನೇ ಉಪವಾಸದ ದಿನ ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಖಲೀಲ್ ದಮ್ಮಾಮಿನ ಏರ್‌ಪೋರ್ಟಿನಿಂದ ಬಂದಿಳಿದ. ಬಂದವನನ್ನು ನೇರ ಬೆಡ್‌ರೂಮಿಗೆ ಕರೆದೊಯ್ದೆ, ಹೇಗೂ ಅಡಗಿಸಿಡಲು ಸಾಧ್ಯವಿರಲಿಲ್ಲ. ಏಳು ಸಸಿಗಳೂ ದಾರದಂತೆ ಉದ್ದಕ್ಕೆ ಬೆಳೆದು, ಬಿಳಿಚಿಕೊಂಡು, ಒಂದರ ಹೆಗಲ ಮೇಲೆ ಒಂದು ಒರಗಿದ್ದವು. ಕಾಯಿ ಬಿಡಿ, ಒಂದು ಹೂವೂ ಇಲ್ಲ.

ಖಲೀಲ್ ಬಗ್ಗಿ ನೋಡಿ, "ಭಾವ, ಇವು ಬೆಳಕೇ ಕಂಡಿಲ್ಲ. ಗ್ಲೂಕೋಸ್ ಹಾಕಿಸ್ಬೇಕಿತ್ತು" ಎಂದ.

ನಿಜಕ್ಕೂ ಅವಮಾನವಾಯಿತು. ಮೂವತ್ತೆಂಟು ಹೆಬ್ಬೆರಳುಗಳೂ ಒಟ್ಟಿಗೆ ಕೆಳಮುಖವಾಗುವುದು ಕಣ್ಣಿಗೆ ಕಟ್ಟಿತು. ಮುಂದಿನ ಇಪ್ಪತ್ತು ದಿನ ಸಮೂಸ, ಸಮೂಸ, ಸಮೂಸ.

ಮಗ್ರಿಬ್ ಬಾಂಗ್ ಆಯಿತು. ಖರ್ಜೂರ, ನೀರು ಆದ ಮೇಲೆ ಶಾಹೀದಾ ದೊಡ್ಡ ಪಾತ್ರೆಯೊಂದರ ಮುಚ್ಚಳ ತೆಗೆದಳು. ಸಿಗಡಿ ಹಾಕಿದ ಬಸಳೆ! ಖಲೀಲ್ ಒಂದು ತುತ್ತು ಬಾಯಿಗಿಟ್ಟ. ಅವನ ಕಣ್ಣು ತುಂಬಿತು.

"ಆರು ವರ್ಷ ಆಯ್ತು ಅಕ್ಕಾ ಬಸಳೆ ತಿನ್ನದೆ. ನಮ್ಮ ಚಳಿಗೆ ನಾನು ನೆಟ್ಟದ್ದು ಒಂದೂ ಬದುಕಲಿಲ್ಲ. ಇದು ಎಲ್ಲಿಯದ್ದು?"

"ಹಿತ್ತಲಲ್ಲಿ ಉಂಟಲ್ಲಾ" ಎಂದು ಅವಳು ಹಿಂದಿನ ಲೈಟು ಹಾಕಿದಳು.

ಒಡಕು ಬಕೆಟಿನಿಂದ ಹೊರಟ ಬಳ್ಳಿ ಎಸಿ ಪೈಪು ಹಿಡಿದು ಮೇಲೇರಿ, ಬಟ್ಟೆ ಹಗ್ಗದುದ್ದಕ್ಕೂ ಸಾಗಿ, ಡಿಶ್ ಆಂಟೆನಾವನ್ನು ಪೂರ್ತಿಯಾಗಿ ಅಪ್ಪಿಕೊಂಡಿತ್ತು. (ಧೂಳಿನ ಬಿರುಗಾಳಿಯ ಬಳಿ ನಾನು ಕ್ಷಮೆ ಕೇಳುತ್ತೇನೆ.) ಒಂದೊಂದು ಎಲೆಯೂ ಅಂಗೈಯಗಲ.

"ಈ ಬೆಂಕಿಯಲ್ಲಿ ಇದಕ್ಕೆ ನೀರು ಹಾಕಿದ್ದು ಯಾರು?" ಎಂದ ಖಲೀಲ್.

ಪೈಪಿನಿಂದ ತೊಟ್ ತೊಟ್ ಎಂದು ನೀರು ಬೀಳುತ್ತಿತ್ತು. ನನ್ನ ತಲೆಯಲ್ಲಿ ದೀಪ ಹತ್ತಿತು.

"ನಾನು!" ಎಂದು ಕೂಗಿದೆ. "ಎರಡೂವರೆ ತಿಂಗಳು ಹಗಲೂ ಇರುಳೂ ಎಸಿ ಓಡಿಸಿದ್ದು ಯಾರು? ನೀರು ನನ್ನದು, ಅಂದ ಮೇಲೆ ಬೆಳೆಯೂ ನನ್ನದು. ಸಮೂಸ ಕ್ಯಾನ್ಸಲ್!"

ಶಾಹೀದಾ ಜಗಳಕ್ಕೆ ಬರಲಿಲ್ಲ. ಆಗಲೇ ನಾನು ಹೆದರಬೇಕಿತ್ತು. ಅವಳು ನಗುತ್ತ ಫೋನ್ ಎತ್ತಿ ಗ್ರೂಪಿಗೆ ಹೇಳಿದಳು: "ಬಸಳೆ ಬೆಳೆಸಿದ್ದು ಇವರೇ, ನಾನು ಒಪ್ಪಿದೆ. ಬೇಸಗೆ ಮುಗಿಯುವವರೆಗೆ ಇವರ ಎಸಿ ಹದಿನೇಳರಿಂದ ಅಲುಗುವುದಿಲ್ಲ. ಬಸಳೆ ಬೇಕಾದವರು ಬನ್ನಿ."

ಮತ್ತೆ ಮೂವತ್ತೆಂಟು ಹೆಬ್ಬೆರಳು.

ಮಲಗುವ ಏರ್ಪಾಡಿನಲ್ಲಿ ನನ್ನ ಹಣೆಬರಹ ಬಯಲಾಯಿತು. "ಆ ರೂಮು ನನಗೆ ಬೇಡವೇ ಬೇಡ ಅಕ್ಕಾ, ವರ್ಷಕ್ಕೆ ಆರು ತಿಂಗಳು ಅದೇ ಚಳಿ" ಎಂದು ಖಲೀಲ್ ಹಾಲಿನಲ್ಲಿ ಹಾಸಿಗೆ ಹಾಕಿದ. ಹೊಲಿಗೆ ಮೆಷಿನಿನ ಪುಟ್ಟ ಕೋಣೆಯನ್ನು ಶಾಹೀದಾ ಹಿಡಿದಳು. ನನಗೆ ಉಳಿದದ್ದು ಕೆನಡಾ.

"ಇಪ್ಪತ್ನಾಲ್ಕಕ್ಕೆ ಇಡ್ಲಾ?" ಎಂದು ಬೇಡಿದೆ.

"ಹನಿ ಕಡಿಮೆ ಆಗ್ತದೆ" ಎಂದು ರಿಮೋಟು ಕಿತ್ತುಕೊಂಡಳು.

ಈಗ ಆರು ದಿನವಾಯಿತು. ಏಳು ಸಸಿಗಳನ್ನು ಎತ್ತಿ ಎಸೆದ ಮಂಚದ ಮೇಲೆ, ಹುಲಿ ಚಿತ್ರದ ಕಂಬಳಿ ಹೊದ್ದು, ಜೂನ್ ತಿಂಗಳಲ್ಲಿ ಹಲ್ಲು ಕಟಕಟಿಸುತ್ತ ಮಲಗಿರುತ್ತೇನೆ. ನಿನ್ನೆ ಸಂಜೆ ತಡೆಯಲಾರದೆ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ಎಂಥಾ ಸುಖದ ಬಿಸಿ! ಶಾಹೀದಾ ಸಮೂಸ ಮಡಿಸುತ್ತಿದ್ದಳು.

"ಸ್ವಲ್ಪ ನಾನೂ ಮಡಿಸ್ಲಾ?" ಎಂದೆ, ಮೂಗು ಒರೆಸಿಕೊಳ್ಳುತ್ತ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಬನ್ನಿ. ಆದರೆ ಇವತ್ತು ಒಂದೇ ಗಂಟೆ" ಎಂದಳು. "ನಿಧಾನ ಪಳಗಿಸ್ಬೇಕಂತೆ, ಪಿಡಿಎಫಿನಲ್ಲಿ ಉಂಟು."