ಗುರುಗಳು ಹೇಳಿದ ಎಣ್ಣೆ ನಂಬರು

ತವಿನ್ ಮಾಡಿದ ತಪ್ಪು ಇಷ್ಟೇ. ಹೊಸ ಎಂಜಿನ್ ಎಣ್ಣೆ ಯಾವುದೆಂದು ಗೊತ್ತುಮಾಡಿಕೊಳ್ಳುವ ಮೊದಲೇ ತನ್ನ ಪಿಕಪ್ ಗಾಡಿಯ ಹಳೇ ಎಣ್ಣೆಯನ್ನು ಬಕೆಟ್ಟಿಗೆ ಬಸಿದುಬಿಟ್ಟಿದ್ದ.

ಅವಸರ ಅಂಥದ್ದು. ಹೋದ ವಾರ ಈ ಪಿಕಪ್ಪು ಗುಡ್ಡದ ಏರಿನಲ್ಲಿ ಹೊಗೆಯುಗುಳಿ ನಿಂತು, ಅವನ ಹೆಂಡತಿ ಲಮ್ಯಾಯ್ ಹೊಸ ರೇಷ್ಮೆ ಬಟ್ಟೆಯಲ್ಲೇ ಅದನ್ನು ತಳ್ಳಬೇಕಾಯಿತು. ಅವಳು ಅಲ್ಲಿಂದಲೇ ಗುಡ್ಡದಾಚೆಯ ತವರಿಗೆ ನಡೆದುಬಿಟ್ಟಳು. ಆಮೇಲೆ ಫೋನು ಮಾಡಿ, "ಹದಿನಾರನೇ ತಾರೀಕು ನಾಲ್ಕು ಗಂಟೆಗೆ ಬಾ. ಗಾಡಿ ಒಂದ್ಸಲಾನೂ ನಿಲ್ದೆ ಗುಡ್ಡ ಹತ್ತಿದ್ರೆ ನಿನ್ ಜೊತೆ ಬರ್ತೀನಿ. ಇಲ್ಲಾಂದ್ರೆ ಆ ಗಾಡಿ ಜೊತೇನೇ ಸಂಸಾರ ಮಾಡ್ಕೋ," ಎಂದಿದ್ದಳು. ಇವತ್ತು ಹದಿನಾರು.

ಬೆಲ್ಲಕ್ಕೆ ಇರುವೆ ಮುತ್ತುವ ಹಾಗೆ ನೆರೆಹೊರೆಯವರು ಬಕೆಟ್ಟಿನ ಸುತ್ತ ಸೇರಿದರು. ಮೊದಲು ಬಂದವನು ನಿವೃತ್ತ ಬಸ್ ಡ್ರೈವರ್ ಪ್ರಯೂನ್ ಮಾವ.

"ಇಪ್ಪತ್ತು-ಐವತ್ತು ನಂಬರಿನ ಎಣ್ಣೆ ಹಾಕೋ. ಮುದಿ ಎಂಜಿನ್‌ಗೆ ಗಟ್ಟಿ ಎಣ್ಣೇನೇ ಸರಿ. ಮೂವತ್ತು ವರ್ಷ ಬಸ್ ಓಡಿಸ್ದೋನು ಹೇಳ್ತಿದೀನಿ."

"ಆ ಬಸ್ಸನ್ನ ಗದ್ದೆಗೆ ಇಳಿಸ್ದೋನೂ ನೀನೇ ಅಲ್ವಾ ಮಾವ?" ಎಂದಳು ಎದುರಿನ ನೂಡಲ್ಸ್ ಅಂಗಡಿಯ ಸೊಮ್‌ಜಿತ್. "ತವಿನ್, ಐದು-ಮೂವತ್ತು ತಗೋ. ನೀರಿನ ಹಾಗೆ ತೆಳ್ಳಗಿರುತ್ತೆ. ನನ್ನ ಅಳಿಯನ ಹೊಸ ಗಾಡಿಗೆ ಅದೇ."

"ಅಳಿಯನ ಗಾಡಿಗೆ ಇನ್ನೂ ಹಾಲುಹಲ್ಲು ಕಣಮ್ಮ! ಇದಕ್ಕೆ ತೆಳ್ಳಗಿಂದು ಹಾಕಿದ್ರೆ ಸಂದೀಲೆಲ್ಲಾ ನುಗ್ಗಿ ಹೊಗೆಯಾಗುತ್ತೆ."

"ನಿನ್ ಗಟ್ಟಿ ಎಣ್ಣೆ ಹಾಕಿದ್ರೆ ಪಾಕಕ್ಕೆ ಬಿದ್ದ ನೊಣದ ಹಾಗೆ ಒದ್ದಾಡುತ್ತೆ!"

ಹನ್ನೊಂದು ಗಂಟೆಯಾಯಿತು. ತವಿನ್ ತಲೆ ಚಿಟ್ಟುಹಿಡಿದು ಊರಿನ ಬೌದ್ಧ ವಿಹಾರಕ್ಕೆ ಓಡಿದ. ಅಲ್ಲಿಯ ಹಿರಿಯ ಗುರುಗಳು ಕಾವಿ ಉಡುವ ಮೊದಲು ಡೀಸೆಲ್ ಎಂಜಿನ್ ಬಿಚ್ಚುವುದರಲ್ಲಿ ಎತ್ತಿದ ಕೈ. ಆದರೆ ಒಂದನೇ ತಾರೀಕಿನ ಹಾಗೆ ಹದಿನಾರೂ ಲಾಟರಿ ದಿನ ಎಂಬುದು ಪುಣ್ಯಾತ್ಮ ತವಿನ್‌ಗೆ ಮರೆತೇಹೋಗಿತ್ತು. ಬಹುಮಾನದ ನಂಬರು ಹೇಳಿ ಎಂದು ಊರಿಗೆ ಊರೇ ಕಾಲಿಗೆ ಬಿದ್ದರೂ ಗುರುಗಳು ಇಪ್ಪತ್ತು ವರ್ಷದಲ್ಲಿ ಯಾರಿಗೂ ಒಂದಂಕಿ ಬಾಯಿಬಿಟ್ಟವರಲ್ಲ.

ಗುರುಗಳ ಊಟ ಮುಗಿದಿತ್ತು. ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ತವಿನ್ ಮೂರು ಸಲ ಹಣೆ ನೆಲಕ್ಕೆ ಹಚ್ಚಿದ. ಪೂಜ್ಯರ ಮುಂದೆ ಎಣ್ಣೆ ಗ್ರೀಸಿನ ಮಾತು ಎತ್ತಲು ನಾಚಿಕೆಯಾಗಿ ವಿಷಯವನ್ನೆಲ್ಲ ಪಿಸುಗುಟ್ಟಿದ. ಕೊನೆಗೆ ಮಾತ್ರ ತಡೆಯಲಾರದೆ ಗಂಟಲೆತ್ತಿ ಕೂಗಿದ.

"ಯಾವ ನಂಬರು ಅಂತ ಹೇಳ್ಬಿಡಿ ಗುರುಗಳೇ! ನನ್ನ ಸಂಸಾರ ನಿಮ್ಮ ಕೈಲಿದೆ!"

ಗುರುಗಳು ಕಣ್ಣು ಮುಚ್ಚಿ ಯೋಚಿಸಿದರು. "ಹದಿನೈದು-ನಲವತ್ತು. ಬೇರೇದನ್ನ ಕಣ್ಣೆತ್ತಿಯೂ ನೋಡ್ಬೇಡ."

ಪಾತ್ರೆಯ ಸದ್ದು ನಿಂತಿತು. ತವಿನ್ ಎದ್ದು ತಿರುಗಿದಾಗ ನೊರೆಯ ಪಾತ್ರೆಗಳಿದ್ದವು, ಹೆಂಗಸರು ನಾಪತ್ತೆ.

ಎಣ್ಣೆ ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು. ಮಾಲೀಕ ಕಿಮ್ ಅಣ್ಣನೂ ಆ ನಂಬರಿನ ಲಾಟರಿ ಟಿಕೆಟ್ಟಿಗೆ ಓಡಿದ್ದ. ಮೆಟ್ಟಿಲ ಮೇಲೆ ಕೂತು ಕೂತು ಎರಡೂವರೆಯಾಯಿತು. ಅಷ್ಟರಲ್ಲಿ ಟಿಕೆಟ್ ಮಾರುವವಳು ಸೈಕಲ್ ನಿಲ್ಲಿಸಿದಳು.

"ನಲವತ್ತರಲ್ಲಿ ಮುಗಿಯೋದು ಇದೊಂದೇ ಉಳಿದಿರೋದು. ಕೊನೇ ಎರಡಂಕಿ ಬಂದ್ರೂ ಬಹುಮಾನ. ನಿನಗೇ ಅಂತ ಇಟ್ಟಿದೀನಿ ತಗೋ."

"ಅಕ್ಕಾ, ನನಗೆ ಬೇಕಾಗಿರೋದು ಎಣ್ಣೆ! ಗುರುಗಳು ಹೇಳಿದ್ದೂ ಎಣ್ಣೆ ನಂಬರೇ!"

"ಎಣ್ಣೆ ನೆಪ ಅಷ್ಟೇ ಕಣೋ," ಎನ್ನುತ್ತ ಓಡೋಡಿ ಬಂದ ಕಿಮ್ ಅಣ್ಣ ಆ ಟಿಕೆಟ್ಟನ್ನೂ ತಾನೇ ಕೊಂಡ. ಆಮೇಲೆ ಬೀಗ ತೆಗೆದು ಎಣ್ಣೆ ಡಬ್ಬ ಕೊಟ್ಟ.

ಮನೆಗೆ ಓಡಿಬಂದು ಎಣ್ಣೆ ಹುಯ್ದದ್ದೇ ತಡ, ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಹೊಗೆಯಿಲ್ಲ, ನಡುಕವಿಲ್ಲ. ತವಿನ್‌ಗೆ ಖುಷಿ ಉಕ್ಕಿ ಬಂತು. ಇನ್ನೇನು ಹೊರಡಬೇಕು, ಸೊಮ್‌ಜಿತ್‌ಳ ರೇಡಿಯೋ ಕೂಗಿತು. ಕೊನೆಯ ಎರಡಂಕಿ, ನಾಲ್ಕು, ಸೊನ್ನೆ!

ಗುರುಗಳ ಬಾಯಿಂದ ನಂಬರು ತರಿಸಿದ ಗಾಡಿ ಎಂದು ಊರು ಉರುಳಿಕೊಂಡು ಬಂತು. ಬಾನೆಟ್ಟಿಗೆ ಹೂಮಾಲೆ ಬಿತ್ತು, ಕನ್ನಡಿಗೆ ಬಣ್ಣದ ಬಟ್ಟೆ ಕಟ್ಟಿದರು, ಚಕ್ರದ ಮುಂದೆ ನೈವೇದ್ಯಕ್ಕೆ ಕೆಂಪು ಸೋಡಾ ಇಟ್ಟರು. ಪ್ರಯೂನ್ ಮಾವ ಬಾಗಿಲಿಗೆ ಪೌಡರ್ ಉಜ್ಜಿ, ಮುಂದಿನ ಲಾಟರಿ ನಂಬರು ಮೂಡುತ್ತದೆಯೇ ಎಂದು ಮೂಗು ತಾಗಿಸಿ ನೋಡತೊಡಗಿದ. ಯಾರೋ ಕೈ ಹಾಕಿ ಎಂಜಿನ್ ಆರಿಸಿದರು.

"ದಾರಿ ಬಿಡ್ರಪ್ಪಾ, ಹೆಂಡ್ತಿ ಕಾಯ್ತಿದಾಳೆ!" ಎಂದು ತವಿನ್ ಗೋಗರೆಯುತ್ತಿದ್ದಾಗಲೇ ಬಾಡಿಗೆ ಟೆಂಪೊದಿಂದ ಲಮ್ಯಾಯ್ ಇಳಿದಳು. ಕೈಯಲ್ಲಿ ಬ್ಯಾಗು, ಮುಖದ ತುಂಬ ನಗು.

"ಸೊಮ್‌ಜಿತ್ ಮಧ್ಯಾಹ್ನಾನೇ ಫೋನ್ ಮಾಡಿ ನಂಬರು ಹೇಳಿದ್ಲು, ನಾನೂ ಒಂದು ಟಿಕೆಟ್ ತಗೊಂಡೆ! ನೀನೆಷ್ಟು ತಗೊಂಡೆ? ಹತ್ತಾ? ಇಪ್ಪತ್ತಾ?"

ತವಿನ್ ಖಾಲಿ ಎಣ್ಣೆ ಡಬ್ಬ ಎತ್ತಿ ತೋರಿಸಿದ.

ಲಮ್ಯಾಯ್ ನಗು ಆರಿತು. "ಗುರುಗಳು ಹೇಳಿದ್ದು ನಿನ್ನ ಕಿವೀಲಿ. ಊರಿಗೆಲ್ಲಾ ಬಹುಮಾನ, ನಿನಗೆ ಡಬ್ಬಾನಾ? ಇಂಥ ದಡ್ಡನ ಜೊತೆ ಬಾಳಲಾರೆ, ಅಮ್ಮನ ಮನೆಗೆ ವಾಪಸ್ ಬಿಡು!"

"ಬಿಡ್ತೀನಿ ಬಾ. ಗಾಡಿ ನಿಲ್ದೆ ಹೇಗೆ ಹತ್ತುತ್ತೆ ನೀನೇ ನೋಡುವಂತೆ," ಎಂದು ತವಿನ್ ಬಾಗಿಲಿಗೆ ಕೈ ಹಾಕಿದ.

"ಮುಟ್ಟಬೇಡ!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಲಮ್ಯಾಯ್. "ಪೌಡರ್ ಅಳಿಸಿಹೋಗುತ್ತೆ! ಒಂದನೇ ತಾರೀಕಿನವರೆಗೂ ಇದು ಅಲ್ಲಾಡಬಾರದು. ನಡ್ಕೊಂಡೇ ಹೋಗೋಣ, ಬ್ಯಾಗ್ ಹೊತ್ಕೋ."

ಗುಡ್ಡದ ಏರಿನಲ್ಲಿ ತವಿನ್ ಎರಡು ಸಲ ನಿಂತು ಏದುಸಿರು ಬಿಟ್ಟ. ಮುಂದೆ ಹೋಗುತ್ತಿದ್ದ ಲಮ್ಯಾಯ್ ಎರಡು ಸಲವೂ ತಿರುಗಿ ನೋಡಿ, ಬೆರಳು ಮಡಿಚಿ ಲೆಕ್ಕವಿಟ್ಟಳು.