ಇದ್ರೀಸರ ಮಣಿಕಟ್ಟು ತಾನಾಗಿಯೇ ಮುರಿದದ್ದರ ಕುರಿತು

ವಿಚಾರಣಾಧಿಕಾರಿಗಳಾದ ಮಾನ್ಯರೇ,

ತಮಗೂ ತಮ್ಮ ಲೇಖನಿಗೂ ಹೊಂಗನೂರಿನಿಂದ ಶಿರಸಾಷ್ಟಾಂಗ ನಮಸ್ಕಾರಗಳು. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ನಾನು, ತಮ್ಮ ಎರಡು ಪುಟದ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ಮೂರು ಸಲ ಓದಿ, ಇಂಥ ಗದ್ಯವು ಪಠ್ಯಪುಸ್ತಕಕ್ಕೆ ಸೇರದೆ ಕಡತದಲ್ಲಿ ಕೊಳೆಯಬೇಕಾಯಿತಲ್ಲ ಎಂಬ ಸಂಕಟದಿಂದ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

"ಸದರಿ ವ್ಯಕ್ತಿಯು ವಾಹನ ತಪಾಸಣೆ ವೇಳೆ ಕಾಲು ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿರುತ್ತಾರೆ" ಎಂದು ಬರೆದಿದ್ದೀರಿ. ಸದರಿ ವ್ಯಕ್ತಿಯ ಹೆಸರು ಇದ್ರೀಸ್. ಲೇತ್ ಮೇಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವವರು. ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಬುಗುರಿ ತುಂಬಿದ ಪೆಟ್ಟಿಗೆಯನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಹೊರಟಿದ್ದವರನ್ನು ಬಸ್ ನಿಲ್ದಾಣದ ಬಳಿ ಸಬ್‌ಇನ್‌ಸ್ಪೆಕ್ಟರ್ ಸಾಹೇಬರು ತಡೆದರು. ತಲೆಗೆ ಹೆಲ್ಮೆಟ್ ಇರಲಿಲ್ಲ, ಅದು ತಪ್ಪೇ. ಹತ್ತು ಹೆಜ್ಜೆ ಆಚೆ ಬಸ್ಸಿಗೆ ಕಾಯುತ್ತಿದ್ದ ನನಗೆ ಎಲ್ಲವೂ ಕೇಳಿಸಿತು.

"ಏನ್ಲಾ, ನಿಮ್ಮಪ್ಪನ ರೋಡೇನ್ಲಾ ಇದು?" ಎಂದರು ಸಾಹೇಬರು.

ಐವತ್ತು ದಾಟಿದ ಇದ್ರೀಸರು ಗಾಡಿಯಿಂದಿಳಿದು, "ತಪ್ಪಾಯ್ತು ಸಾರ್, ದಂಡ ಹಾಕಿ. ಆದ್ರೆ ಒಸಿ ಮರ್ವಾದೆ ಕೊಟ್ಟು ಮಾತಾಡಿ" ಎಂದರು.

ಬಹುವಚನ ಕೇಳಿದ ಈ ಉದ್ಧಟತನಕ್ಕೆ ಸಾಹೇಬರು ಏಟುಗಳನ್ನು ಧಾರಾಳವಾಗಿ ಬಹುವಚನದಲ್ಲೇ ದಯಪಾಲಿಸಿದರು. ಮೂರನೆಯದನ್ನು ತಡೆಯಲು ಎತ್ತಿದ ಕೈ ಮೇಲೆ ಲಾಠಿ ಬಿತ್ತು. ಒಣಸೌದೆ ಮುರಿದಂಥ ಸದ್ದಾಯಿತು. ಅಷ್ಟರಲ್ಲಿ ನನ್ನ ಬಸ್ ಬಂತು. ನಾನು ಹತ್ತಿಕೊಂಡೆ. ತಮ್ಮ ವರದಿಯಲ್ಲಿ ಈ ಸಂಗತಿ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿಕೊಳ್ಳಿ.

ಸುದ್ದಿ ಹಬ್ಬಿ ಪೇಟೆ ಎರಡು ಪಕ್ಷವಾದಾಗ, ತಾವು ಕೃಪೆಯಿಟ್ಟು "ಪೊಲೀಸ್–ಸಾರ್ವಜನಿಕರ ಸ್ನೇಹ ಸಂವಾದ" ಏರ್ಪಡಿಸಿದಿರಿ. ಬಸ್ ನಿಲ್ದಾಣದ ಎದುರಿನ ಬೇಕರಿಯ ದೇವರಾಜು ಮೊದಲು ಎದ್ದು, "ಏಟು ಬೀಳ್ದೆ ಈ ಜನ ನೆಟ್ಟಗಾಗಲ್ಲ ಬುಡಿ ಸಾರ್. ಪೊಲೀಸ್ನೋರು ಅಂದ್ರೆ ಒಸಿ ಭಯ ಇರ್ಬೇಕು" ಎಂದಾಗ ಬಿದ್ದ ಚಪ್ಪಾಳೆಯನ್ನು "ಸಾರ್ವಜನಿಕರ ಒಮ್ಮತ" ಎಂದು ದಾಖಲಿಸಿದ್ದೀರಿ. ಚಪ್ಪಾಳೆ ನಿಂತ ಮೇಲೆ ಎದ್ದ ಇದ್ರೀಸರ ಹೆಂಡತಿ ಹಫೀಜಾ ಹೇಳಿದ್ದಕ್ಕೆ ಮಾತ್ರ ಎರಡು ಪುಟದಲ್ಲಿ ಜಾಗ ಸಾಲಲಿಲ್ಲವೇನೋ.

"ನಮ್ ಯಜಮಾನ್ರು ಮಾತು ಕೇಳಿದ್ರು ಸಾಮಿ. ಗಾಡಿ ನಿಲ್ಸು ಅಂದ್ರು, ನಿಲ್ಸಿದ್ರು. ಇಳಿ ಅಂದ್ರು, ಇಳುದ್ರು. ಯಾವ ಮಾತು ಕೇಳ್ನಿಲ್ಲ ಅಂತ ಹೊಡುದ್ರು, ಅದೊಂದ್ ಯೋಳಿ ಸಾಕು."

ತಾವು ಅದೊಂದನ್ನು ಹೇಳದೆ, ಕಣ್ಣಾರೆ ಕಂಡವರು ಯಾರಾದರೂ ಇದ್ದೀರಾ ಎಂದು ಕೇಳಿದಿರಿ. ಮೂರನೇ ಸಾಲಿನಲ್ಲಿದ್ದ ನಾನು ಕೈಚೀಲ ತಬ್ಬಿಕೊಂಡು ಕುಳಿತೇ ಇದ್ದೆ. ಬಾಗಿಲಲ್ಲಿ ಬಂದೋಬಸ್ತಿಗಿದ್ದ ಪೇದೆ ಭಾನುಪ್ರಿಯ ಮುಂದೆ ಬಂದಳು. ಏಳನೇ ತರಗತಿಯಲ್ಲಿ ನನ್ನ ಶಿಷ್ಯೆ; ಪ್ರಶ್ನೆ ಕೇಳಿದರೆ ಡೆಸ್ಕಿನ ಕೆಳಗೆ ಪೆನ್ಸಿಲ್ ಹುಡುಕುವ ನೆವದಲ್ಲಿ ಬಗ್ಗುತ್ತಿದ್ದವಳು.

"ನಾನಿದ್ದೆ ಸಾರ್, ಡ್ಯೂಟಿಲಿ. ನಮ್ ಸಾಹೇಬ್ರೇ ಇದ್ರೀಸ್ ಅವ್ರನ್ನ ಹೊಡೆದ್ರು. ಅವರು ಬೀಳ್ಲೇ ಇಲ್ಲ, ಕೈ ಹಿಡ್ಕೊಂಡು ನಿಂತೇ ಇದ್ರು."

ಕರ್ತೃ, ಕರ್ಮ, ಕ್ರಿಯೆ ಮೂರೂ ಸ್ವಸ್ಥಾನದಲ್ಲಿದ್ದವು. ಆಮೇಲೆಯೇ ನಾನೂ ಎದ್ದು ಕಂಡದ್ದನ್ನು ಹೇಳಿದೆ. ನನ್ನ ಮಾತನ್ನು ತಾವು "ಸದರಿಯವರು ವೃದ್ಧೆ, ಕನ್ನಡಕ ಧರಿಸುತ್ತಾರೆ, ಹೇಳಿಕೆ ನಂಬಲರ್ಹವಲ್ಲ" ಎಂಬ ಒಂದೇ ಸಾಲಿನಲ್ಲಿ ಅಡಗಿಸಿದ ಚಾತುರ್ಯಕ್ಕೆ ಮನಸೋತಿದ್ದೇನೆ. ಭಾನುಪ್ರಿಯಳ ಮಾತು ವರದಿಯಲ್ಲೇ ಇಲ್ಲ. ಎಂಟನೇ ದಿನಕ್ಕೆ "ಆಡಳಿತಾತ್ಮಕ ಕಾರಣ"ಕ್ಕಾಗಿ ಅವಳನ್ನು ಕನಕಪುರದಾಚೆಯ ಕಾಡಂಚಿನ ಠಾಣೆಗೆ ಕಳಿಸಲಾಯಿತು. ಸಾಹೇಬರು ಅದೇ ಲಾಠಿಯೊಂದಿಗೆ ಅದೇ ಜಾಗದಲ್ಲಿ ತಪಾಸಣೆ ಮುಂದುವರಿಸಿದ್ದಾರೆ. ಒಟ್ಟು ಪ್ರಕರಣದಲ್ಲಿ ಶಿಕ್ಷೆಯಾದದ್ದು ಇಬ್ಬರಿಗೆ: ಏಟು ತಿಂದವರಿಗೆ ಮತ್ತು ನಿಜ ಹೇಳಿದವಳಿಗೆ. ಇದ್ರೀಸರಿಗಾದರೋ ಕೊನೆಗೂ ಒಂದು ಬಹುವಚನ ಸಿಕ್ಕಿತು, ತಮ್ಮ "ಮುರಿದುಕೊಂಡಿರುತ್ತಾರೆ"ಯಲ್ಲಿ.

ಆದ್ದರಿಂದ ಮಾನ್ಯರೇ, ತಮ್ಮ ತೀರ್ಮಾನವನ್ನು ಗೌರವಿಸಿ ಕೆಲವು ವಿನಂತಿಗಳು. ಕಾಲು ಜಾರಿಸಿದ ಆ ರಸ್ತೆಯನ್ನು ಕೂಡಲೇ ಅಮಾನತಿನಲ್ಲಿಡಿ. ಬೀಳುತ್ತಿದ್ದವರನ್ನು, ಅಷ್ಟು ಹತ್ತಿರವಿದ್ದೂ ಏಕೆ ಹಿಡಿದುಕೊಳ್ಳಲಿಲ್ಲ ಎಂದು ಲಾಠಿಗೆ ನೋಟಿಸು ಕೊಡಿ. ಇಲಾಖೆಯ ಅನುಮತಿಯಿಲ್ಲದೆ ಮುರಿದ ಮೂಳೆಗೆ ತಾನಾಗಿಯೇ ಕೂಡಿಕೊಳ್ಳುವಂತೆ ಆದೇಶಿಸಿ, ಪ್ರತಿಯನ್ನು ಆಸ್ಪತ್ರೆಗೆ ಕಳಿಸಿ. ವೈದ್ಯರು ಒಳಗೆ ಸಲಾಕೆ ಹಾಕಿದ್ದರೂ ಬೆರಳುಗಳು ಮಡಚುತ್ತಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಎಡಗೈಯಲ್ಲಿ ಉಳಿ ಹಿಡಿಯುವುದನ್ನು ಕಲಿಯುತ್ತಿದ್ದರು, ಕಡೆದದ್ದೆಲ್ಲ ಸೊಟ್ಟ. ಆ ದಿನ ನೋಡಿಯೂ ಬಸ್ ಹತ್ತಿದವಳು ನಾನು ಎಂದು ಹೇಳಿಕೊಂಡೆ. ಅವರು ಉಳಿ ಕೆಳಗಿಟ್ಟು, "ನೀವ್ ಯಾಕ್ ಅಳ್ತೀರಿ ಮೇಡಮ್, ಕಲ್ತ್ಕೋತೀನಿ ಬುಡಿ" ಎಂದರು. ಈ ಮಾತಿಗೆ ಉತ್ತರ ಕೊಡುವ ಕನ್ನಡ ನನಗೆ ಬರಲಿಲ್ಲ. ತಮಗೆ ಬಂದರೆ ದಯವಿಟ್ಟು ಬರೆದು ತಿಳಿಸಿ.

ತಮ್ಮ ವರದಿಯ ಮೇಲೆ ವಿಶ್ವಾಸ ಇಡಲು ಇನ್ನೂ ಪ್ರಯತ್ನಿಸುತ್ತಿರುವ
ತಮ್ಮ ವಿಶ್ವಾಸಿ,
ಧನಲಕ್ಷ್ಮಿ
ನಿವೃತ್ತ ಶಿಕ್ಷಕಿ, ಹೊಂಗನೂರು

ಮರೆತ ಮಾತು: ಠಾಣೆಯವರು ಮನೆಗೆ ಕಳಿಸಿದ ರಾಜಿಪತ್ರಕ್ಕೆ ಸಹಿ ಹಾಕಲು ಒಪ್ಪದ ಹಫೀಜಾ ನ್ಯಾಯಾಲಯದಲ್ಲಿ ಖಾಸಗಿ ದೂರು ಕೊಟ್ಟಿದ್ದಾರೆ. ಭಾನುಪ್ರಿಯ ಮತ್ತು ನಾನಲ್ಲದೆ ಬೇಕರಿಯ ದೇವರಾಜು ಕೂಡ ಸಾಕ್ಷಿ. "ಭಯ ಇರ್ಬೇಕು ಅಂದಿದ್ದೆ ಮೇಡಮ್, ಕೈ ಮುರೀರಿ ಅಂದಿರ್ನಿಲ್ಲ" ಎನ್ನುತ್ತಾ, ಅಂಗಡಿಯ ಕ್ಯಾಮೆರಾದಲ್ಲಿ ಸೆರೆಯಾದ ಆ ಮಧ್ಯಾಹ್ನವನ್ನು ಅವರೇ ವಕೀಲರಿಗೆ ತಂದುಕೊಟ್ಟರು. ಸದರಿ ವ್ಯಕ್ತಿಯು ಅದರಲ್ಲಿ ಎಲ್ಲಿ ಬೀಳುತ್ತಾರೆಂದು ನಾವೆಲ್ಲ ಐದು ಸಲ ಹುಡುಕಿದರೂ ಸಿಗಲಿಲ್ಲ. ತಾವು ಕಟಕಟೆಗೆ ಬಂದಾಗ ದಯವಿಟ್ಟು ಬೆರಳಿಟ್ಟು ತೋರಿಸಿಕೊಡಬೇಕು.